ಯಾವ ಗಡಿಯಾರದ ಪ್ರಕಾರ ನನ್ನ ಗಂಡ ತಪ್ಪಿತಸ್ಥ?

ಮಾನ್ಯ ವಿದ್ಯುತ್ ಸಂಸ್ಥೆಯ ಮುಖ್ಯಾಧಿಕಾರಿಗಳೇ,

ಹೌರಾದ ನಿಮ್ಮ ಉಪಕೇಂದ್ರದ ಗಡಿಯಾರಕ್ಕೂ ನಿಮ್ಮ ನಿಯಂತ್ರಣ ಕೊಠಡಿಯ ಗಡಿಯಾರಕ್ಕೂ ತಾಳಮೇಳವಿರಲಿಲ್ಲ. ಆ ತಪ್ಪಿಗೆ ನನ್ನ ಗಂಡ ಕಲ್ಲಪ್ಪನವರನ್ನು ಕೆಲಸದಿಂದ ತೆಗೆದಿದ್ದೀರಿ. ಇಂಗ್ಲಿಷಿನಲ್ಲಿ ಬರೆದೆ, ಮಗಳ ಕೈಯಲ್ಲಿ ಬಂಗಾಳಿಯಲ್ಲೂ ಬರೆಸಿದೆ. ತಾವು ತುಟಿ ಬಿಚ್ಚಲಿಲ್ಲ. ಇನ್ನು ನನ್ನ ಕನ್ನಡದಲ್ಲೇ, ನಾಲ್ಕು ಜನ ಓದುವ ಹಾಗೆ ಬರೆಯುತ್ತೇನೆ.

ದುರ್ಗಾಪೂಜೆಗೆ ಮುಂಚಿನ ದುರಸ್ತಿಯ ದಿನಗಳವು. ಗೌರಾಂಗ ಎಂಬ ಲೈನ್‌ಮನ್ ಕಂಬದ ಮೇಲಿದ್ದ. ಎಲ್ಲರೂ ಕೆಳಗಿಳಿದ ಮೇಲೆ ನಿಯಂತ್ರಣ ಕೊಠಡಿ ಫೋನಿನಲ್ಲಿ ಆಜ್ಞೆ ಕೊಡಬೇಕು, ಆಮೇಲೆ ಉಪಕೇಂದ್ರದಲ್ಲಿ ನನ್ನ ಗಂಡ ಸ್ವಿಚ್ ಹಾಕಬೇಕು, ಇದು ನಿಯಮ. ಫೋನ್ ಬಂತು, ಇವರು ಸ್ವಿಚ್ ಹಾಕಿದರು. ಗೌರಾಂಗ ಇನ್ನೂ ಮೇಲೆಯೇ ಇದ್ದ. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ.

ವಿಚಾರಣೆಯಲ್ಲಿ ಎರಡೂ ಕಡೆಯ ಕಂಪ್ಯೂಟರ್ ದಾಖಲೆಗಳನ್ನು ಅಕ್ಕಪಕ್ಕ ಇಟ್ಟಿರಿ. ಅವುಗಳ ಪ್ರಕಾರ ಸ್ವಿಚ್ ಬಿದ್ದದ್ದು ಮೊದಲು, ಆಜ್ಞೆ ಹೋದದ್ದು ಆಮೇಲೆ! "ಎರಡೂ ಗಡಿಯಾರ ತಾಳೆ ನೋಡಿದ್ದೀರಾ?" ಎಂದು ಇವರು ಕೇಳಿದ್ದಕ್ಕೆ ನಿಮ್ಮ ವಿಚಾರಣಾಧಿಕಾರಿ, "ಕಂಪ್ಯೂಟರ್ ಹೈ ಭಾಯಿ, ಝೂಠ್ ನಹೀ ಬೋಲ್ತಾ" ಎಂದು ನಕ್ಕರಂತೆ. ನಿಜ, ಸುಳ್ಳು ಹೇಳುವುದಕ್ಕೆ ಬುದ್ಧಿ ಬೇಕು. ತಪ್ಪು ಹೇಳುವುದಕ್ಕೂ ಬೇಕೇ?

ನ್ಯೂ ಟೌನಿನ ಐಟಿ ಕಟ್ಟಡಗಳ ಉಪಕೇಂದ್ರದಲ್ಲಿ ಉಪಗ್ರಹದಿಂದ ಸಮಯ ಇಳಿಸಿಕೊಳ್ಳುವ ಗಡಿಯಾರ ಕೂರಿಸಿದ್ದೀರಿ. ಅಲ್ಲಿ ದೀಪ ಕಣ್ಣು ಮಿಟುಕಿಸಿದರೂ ಯಾವ ಕ್ಷಣದಲ್ಲೆಂದು ನಿಮಗೆ ಗೊತ್ತಾಗುತ್ತದೆ. ಹೌರಾದಲ್ಲಿ ಕಂಬ ಹತ್ತುವವನ ಪಾಲಿಗೆ ಮಾತ್ರ ಆಕಾಶ ಅಷ್ಟು ದೂರವೇ?

ಕೆಲಸ ಹೋದದ್ದನ್ನು ಹೇಗೋ ತಾಳಿಕೊಂಡೆವು. ಆದರೆ ಧಾರವಾಡದ ಗಟ್ಟಿ ದನಿಯ ಈ ಮನುಷ್ಯ ಒಂದು ಬೆಳಿಗ್ಗೆ ಮೆಲ್ಲಗೆ ಕೇಳಿದರು: "ಶೋಭನಾ, ಫೋನ್ ಬಂದ ಮ್ಯಾಲೇ ನಾ ಸ್ವಿಚ್ ಹಾಕಿದ್ದು, ಹೌದಿಲ್ಲೋ?"

"ನೀವೇ ಹೇಳಿದ್ರಲ್ಲ?"

"ಹೇಳಿದ್ದೆ. ಈಗ ಖರೇ ಅಂದ್ರ ನನಗೇ ಗೊತ್ತಾಗವಲ್ದು."

ಮಾನ್ಯರೇ, ಸಂಬಳ ಕಿತ್ತುಕೊಳ್ಳುವ ಅಧಿಕಾರ ನಿಮಗಿದೆ. ಒಬ್ಬನ ನೆನಪನ್ನೇ ಕಿತ್ತುಕೊಳ್ಳುವ ಅಧಿಕಾರ ಯಾವ ಕಾಯಿದೆಯಲ್ಲಿದೆ?

ನಿಮ್ಮ ಗಡಿಯಾರಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ ವಿಶ್ವಾಸ್ ಎಂಬ ಎಂಜಿನಿಯರ್ ಇದ್ದಾರೆ, ಬೆಂಗಳೂರಿನವರು. ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿ ಕೊಳ್ಳುವಾಗ ಪರಿಚಯವಾಗಿ ಊಟಕ್ಕೆ ಬಂದಿದ್ದರು. ಮಾತಿನ ನಡುವೆ ಇವರ ಉಪಕೇಂದ್ರದ ಹೆಸರು ಬಂದದ್ದೇ ಅವರ ತುತ್ತು ಕೈಯಲ್ಲೇ ನಿಂತಿತು. "ಆ ಸ್ಟೇಷನ್ನಾ? ಆಕ್ಸಿಡೆಂಟ್ ಆದ ಮಾರನೇ ದಿನ ನಾನೇ ಹೋಗಿದ್ದೆ ಆಂಟಿ. ಕ್ಲಾಕ್ ತುಂಬಾ ಹಿಂದಿತ್ತು. ಸೆಟ್ ಮಾಡಿ ಅಂದ್ರು, ಮಾಡಿದೆ. ಅಲ್ಲೇನಾಗಿತ್ತು ಅಂತ ಯಾರೂ ಹೇಳ್ಲೇ ಇಲ್ಲ."

ಉಪಕೇಂದ್ರದ ಗಡಿಯಾರ ಹಿಂದಿದ್ದರೆ, ಆಜ್ಞೆಯ ಆಮೇಲೆ ಹಾಕಿದ ಸ್ವಿಚ್ಚೂ ದಾಖಲೆಯಲ್ಲಿ ಮೊದಲೇ ಬಿದ್ದಂತೆ ಕಾಣುತ್ತದೆ. ಇವರು ತಟ್ಟೆಯ ಮುಂದೆಯೇ ಅತ್ತುಬಿಟ್ಟರು.

ವಿಶ್ವಾಸ್ ನಿಮ್ಮ ಕಚೇರಿಗೇ ಬಂದು ಇದನ್ನು ಹೇಳಿದರು. "ಈಗ ಸರಿಯಾಗಿದೆಯಲ್ಲ" ಎಂದು ಕಳಿಸಿದಿರಿ. ಸರಿಯಾಗಿಯೇ ಇದ್ದ ಗಡಿಯಾರವನ್ನು ಮಾರನೇ ದಿನವೇ ಅಷ್ಟು ಅವಸರದಲ್ಲಿ ಸರಿಪಡಿಸಿದ್ದೇಕೆ, ಸ್ವಾಮಿ?

ಮೊನ್ನೆ ನಾವಿಬ್ಬರೂ ಹೂಗ್ಲಿ ದಾಟಿ ಗೌರಾಂಗನ ಮನೆಗೆ ಹೋದೆವು. ಆಜ್ಞೆ ಬಂದ ಮೇಲೆಯೇ ಸ್ವಿಚ್ ಹಾಕಿದ್ದೆಂದು ಇವರು ತಮ್ಮ ಹರಕು ಬಂಗಾಳಿಯಲ್ಲಿ ಹೇಳಿದರು. ಗೌರಾಂಗ ಎಡಗೈಯಿಂದ ಇವರ ಮೊಣಕಾಲು ಮುಟ್ಟಿದ. ಚಹಾ ತಂದ ಅವನ ಹೆಂಡತಿ ಪಾರ್ವತಿ ನಿಂತಲ್ಲೇ ಕೇಳಿದಳು: "ತಾಹೋಲೆ ಕೇ, ದಾದಾ?" ಹಾಗಾದರೆ ಯಾರು?

ಇಳಿಯದವನನ್ನು ಇಳಿದನೆಂದು ವರದಿ ಕೊಟ್ಟವರು ಯಾರು? ಅಥವಾ ವರದಿಗೇ ಕಾಯದೆ ಆಜ್ಞೆ ಕೊಟ್ಟವರು ಯಾರು? ತಲೆ ತಗ್ಗಿಸಿ ಎದ್ದು ಬಂದೆವು.

ವಿಚಾರಣೆಯನ್ನು ಮತ್ತೆ ತೆರೆಯಿರಿ. ವಿಶ್ವಾಸ್ ಅವರ ಹೇಳಿಕೆ ದಾಖಲಿಸಿ. ಹಳೆಯ ಉಪಕೇಂದ್ರಗಳೆಲ್ಲಕ್ಕೂ ಒಂದೇ ಸಮಯ ಕೊಡಿ. ನನ್ನ ಗಂಡನ ಕೆಲಸದ ಮಾತು ಆಮೇಲಾಗಲಿ. ಮೊದಲು ಪಾರ್ವತಿಯ ಮನೆಗೆ ಹೋಗಿ, ಅವಳ ಎದುರು ಕೂತು, ಅವಳು ಕೇಳಿದ್ದಕ್ಕೆ ಉತ್ತರ ಹೇಳಿ.

ಇಂತಿ,
ತಾವು ಓದುತ್ತೀರೆಂದು ಇನ್ನೂ ನಂಬುವಷ್ಟು ದಡ್ಡಳಾದ
ಶೋಭನಾ ಕಲ್ಲಪ್ಪ
ಕೋಲ್ಕತ್ತಾ, 2006