ಮೆಷಿನ್ನು ಹಿಡಿದ ಕುರಿ

ಅಮ್ಮಾ,

ಇವತ್ತು ನಮ್ಮ ಲ್ಯಾಬಿನ ಮೆಷಿನ್ನು ಒಂದು ಕುರಿಯನ್ನು ಹಿಡಿದುಕೊಟ್ಟಿತು. ನೀನಿದ್ದಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ.

ನನ್ನ ಕೆಲಸ ನಿನಗೆ ಗೊತ್ತಲ್ಲ, ಪ್ರೋಟೀನುಗಳನ್ನು ತೂಗೋದು. ಒಂದು ಪ್ರೋಟೀನಿಗೆ ಫಾಸ್ಫೇಟಿನ ಚೂರು ಅಂಟಿಕೊಂಡರೆ ಅದರ ತೂಕವೂ ಬದಲಾಗುತ್ತೆ, ನಡತೆಯೂ ಬದಲಾಗುತ್ತೆ. "ತಕ್ಕಡಿ ಹಿಡಿಯೋಕೆ ಇಷ್ಟೊಂದು ಓದಬೇಕಿತ್ತೇನೇ?" ಅಂತ ಛೇಡಿಸುತ್ತಿದ್ದೆ ನೀನು.

ಮೆಷಿನ್ನಿಗೋಸ್ಕರ ಕೋಣೆಯನ್ನು ಸದಾ ತಣ್ಣಗಿಡ್ತಾರೆ ಅಂತ ಕೇಳಿ, ನಾನು ಕೆಲಸಕ್ಕೆ ಸೇರಿದ ವರ್ಷವೇ ಹಸಿರು ಸ್ವೆಟರ್ ಹೆಣೆದು ಕಳಿಸಿದ್ದೆಯಲ್ಲ. ಅಲ್ಲಿ ಉಣ್ಣೆ ಹಾಕುವ ಹಾಗೇ ಇಲ್ಲ ಅಮ್ಮಾ. ಉಣ್ಣೆಯೂ ಪ್ರೋಟೀನೇ, ಒಂದೆಳೆ ಉದುರಿದರೂ ಸ್ಯಾಂಪಲ್ ಕೆಟ್ಟಿತು. ಹೊರಗೆ ಹಾಕೋಣ ಅಂದರೆ, ನಾನು ಲ್ಯಾಬಿನ ಹೊರಗೆ ಇರುತ್ತಿದ್ದುದೇ ಕಡಿಮೆ. ನೀನು ಫೋನಿನಲ್ಲಿ ಕೇಳಿದಾಗಲೆಲ್ಲ "ತುಂಬಾ ಬೆಚ್ಚಗಿದೆ" ಅಂತಿದ್ದೆ ನಾನು.

ನೀನು ಹೋದ ಮೇಲೆ ಅದನ್ನು ಪೆಟ್ಟಿಗೆಯಿಂದ ತೆಗೆದೆ. ಈ ವಾರವೆಲ್ಲ ಲ್ಯಾಬ್ ಕೋಟಿನ ಒಳಗೆ ಅದನ್ನೇ ಹಾಕಿಕೊಂಡು ಕೆಲಸ ಮಾಡಿದೆ.

ಬೆಳಿಗ್ಗೆ ಮೆಷಿನ್ ನೋಡಿಕೊಳ್ಳುವವಳು ನನ್ನನ್ನು ಕರೆದು ಪರದೆ ತೋರಿಸಿದಳು. "ಮೇಡಂ, ಇಲಿ ಲಿವರ್ ಕೊಟ್ಟಿದ್ರಿ. ಇಲಿಗಿಂತ ಕುರಿನೇ ಜಾಸ್ತಿ ಬಂದಿದೆ. ಹೊಸಬರು ಯಾರಾದ್ರೂ ಮುಟ್ಟಿದ್ರಾ?"

ಹೊಸಬರಿಗೆ ಈ ಪಾಠ ಹೇಳಿಕೊಡುವವಳೇ ನಾನು. ಕೋಟಿನ ಗುಂಡಿ ಬಿಚ್ಚಿ ಸ್ವೆಟರ್ ತೋರಿಸಿದೆ.

ಅವಳು ಬೈಯಲಿಲ್ಲ. ತೋಳಿನ ಹೆಣಿಗೆಯನ್ನು ಮೆಲ್ಲಗೆ ಮುಟ್ಟಿ ನೋಡಿದಳು.

"ಚೆನ್ನಾಗಿದೆ ಮೇಡಂ. ಹೊಸದಾ?"

ಹೌದು ಅಂದೆ.