ಗಂಟೆಹೂವಿನ ಅರ್ಧ ಬುಡ

ನನ್ನ ಹಟಮಾರಿ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದ. ಕ್ಷೇಮ ಸಮಾಚಾರ ಆಮೇಲೆ, ಮೊದಲು ಬೈಗುಳ.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನು ಕೇಳಿ ಮೈ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಆಡಿಬಿಡುತ್ತೇನೆಂದು ಹೆದರಿ ಫೋನು ಇಟ್ಟೆ. ಫೋನಿನಲ್ಲಿ ನನಗೆ ಸಿಟ್ಟು ಬರುತ್ತದೆ, ನಿನಗೆ ಅಳು ಬರುತ್ತದೆ, ಕೆಲಸದ ಮಾತು ಒಂದೂ ಆಗುವುದಿಲ್ಲ. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತು ದೀರ್ಘ ತಪ್ಪಿದ್ದರೆ ತಿದ್ದಿಕೊಂಡು ಓದು, ಅರ್ಥ ಮಾತ್ರ ತಿದ್ದಬೇಡ.

ನಿನ್ನ ತಂಗಿಯ ಮನೆ ಪಕ್ಕದ ಆ ಶಾಲೆ ಬಸ್ಸಿನ ಡ್ರೈವರು ಮದುವೆಯಾಗುತ್ತೀಯಾ ಎಂದು ಕೇಳಿದನಂತೆ. ಭಾನುವಾರ ಅವನಿಗೆ ಇಲ್ಲ ಎಂದು ಹೇಳಿ ಸಂಜೆಯ ಬಸ್ಸಿಗೆ ಬೆಟ್ಟ ಹತ್ತಿ ಬಂದುಬಿಡುತ್ತೀಯಂತೆ. ಯಾಕಮ್ಮಾ ಎಂದರೆ, "ನೀವೊಬ್ರೇ ಆಗ್ತೀರಲ್ಲ ಅತ್ತೆ. ಆ ಗಿಡ ಬೇರೆ ಇದೆ. ಅವರು ನೆಟ್ಟಿದ್ದು, ಬಿಟ್ಟು ಹೇಗೆ ಹೋಗ್ಲಿ?" ಎಂದೆ. ಗಂಡಸು ಬಂದು ಕೇಳಿದರೆ ಗಿಡದ ನೆಪ ಹೇಳುವವಳನ್ನು ನಾನು ನಿನ್ನೊಬ್ಬಳನ್ನೇ ಕಂಡದ್ದು.

ಅವನು ನಿನಗೆ ಹಿಡಿಸದಿದ್ದರೆ ನಾನು ಬಾಯಿ ಹಾಕುತ್ತಿರಲಿಲ್ಲ. ಆದರೆ ಹೋದ ತಿಂಗಳು ನೀನೇ ಅವನ ಸುದ್ದಿ ಹೇಳಿದೆಯಲ್ಲ, ಬಸ್ಸಿನಲ್ಲಿ ಗಲಾಟೆ ಮಾಡುವ ಮಕ್ಕಳನ್ನು ಸುಮ್ಮನಿರಿಸಲು ತಾನೇ ಹಾಡು ಶುರುಮಾಡಿದನಂತೆ, ಮಕ್ಕಳು "ಅಂಕಲ್, ನಾವು ಸುಮ್ನಿರ್ತೀವಿ, ನೀವೂ ನಿಲ್ಸಿ" ಎಂದವಂತೆ. ಅದನ್ನು ಹೇಳುತ್ತಾ ನೀನು ಉಸಿರು ಕಟ್ಟುವಷ್ಟು ನಕ್ಕೆ. ನನ್ನ ಮಗ ಹೋದ ಈ ನಾಲ್ಕು ವರ್ಷದಲ್ಲಿ ಆ ನಗು ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಮುದುಕಿ ಇರಬಹುದು, ಕಿವುಡಿ ಅಲ್ಲ.

ಗಿಡದ ಕಥೆ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ರೋಪ್‌ವೇ ಕೆಲಸದಲ್ಲಿದ್ದ ನನ್ನ ಮಗ ತುದಿಯ ಕಂಬಕ್ಕೆ ಎಣ್ಣೆ ಹಾಕಲು ಹೋದವನು ಬಂಡೆಯ ಸೀಳಿನಿಂದ ಅದನ್ನು ಬಿಡಿಸಿ ಊಟದ ಡಬ್ಬಿಯಲ್ಲಿಟ್ಟುಕೊಂಡು ಬಂದ. ನೂಲಿನಂಥ ದಂಟು, ಗಂಟೆಯಂತೆ ತಲೆ ತಗ್ಗಿಸಿದ ನಾಲ್ಕು ನೀಲಿ ಹೂ. ಈರುಳ್ಳಿಯನ್ನಾದರೂ ತಂದಿದ್ದರೆ ಅಡುಗೆಗಾಗುತ್ತಿತ್ತು ಎಂದೆ ನಾನು. ನೀನು ಮಾತ್ರ ಹಣ್ಣಿನ ಪೆಟ್ಟಿಗೆಗೆ ಮಣ್ಣು ತುಂಬಲು ಓಡಿದೆ. ಚಳಿಗಾಲಕ್ಕೆ ಅದು ಬುಡದವರೆಗೂ ಒಣಗಿ ಹುಲ್ಲಾಯಿತು. ಸತ್ತಿದೆ, ಬಿಸಾಕಿ ಎಂದು ನಾನು ಕೂಗಿದ್ದಕ್ಕೆ ಅವನು, "ಅಮ್ಮಾ, ಸತ್ತಿಲ್ಲ ಅದು. ನಿನ್ನ ಬಾಯಿಗೆ ಹೆದ್ರಿ ಒಳಗೆ ಕೂತಿದೆ. ಬಿಸಿಲು ಬಂದ್ಮೇಲೆ ಬರತ್ತೆ ಬಿಡು" ಎಂದ. ಬಂತು. ಆಮೇಲೆ ಪ್ರತಿವರ್ಷವೂ ಬಂತು. ಒಂದು ವಾರದ ಜ್ವರಕ್ಕೆ ಅವನು ಹೋದ ಮೇಲೂ ಬಂತು. ಅಂದಿನಿಂದ ನೀನು ಆ ಪೆಟ್ಟಿಗೆಗೆ ಕಾವಲು ಕೂತೆ. ತಂಗಿಯ ಮನೆಗೆ ಹೋದರೂ ಗಿಡಕ್ಕೆ ನೀರು ಹಾಕಿದಿರಾ ಎಂದು ಕೇಳುತ್ತೀಯೇ ಹೊರತು ನಾನು ಉಂಡೆನೋ ಇಲ್ಲವೋ ಎಂದು ಕೇಳುವುದಿಲ್ಲ.

ಇನ್ನು ನಾನೊಬ್ಬಳೇ ಆಗುವ ವಿಷಯ. ಆಗುತ್ತೇನೆ. ನಿನ್ನ ಸಮಾಧಾನಕ್ಕೆ ಸುಳ್ಳು ಹೇಳುವುದಿಲ್ಲ. ನಾವಿಬ್ಬರೂ ದುಡಿಯುವ ಲಾಂಡ್ರಿಯಲ್ಲಿ ಹೋಟೆಲಿನ ದೊಡ್ಡ ಹಾಸುಬಟ್ಟೆ ಮಡಿಸಲು ಇಬ್ಬರು ಬೇಕು. ನೀನು ಆ ತುದಿ, ನಾನು ಈ ತುದಿ, ಜಗ್ಗಿ, ಮಡಿಸಿ, ಎದುರುಬದುರು ನಡೆದುಬಂದು ಮೂಲೆಗೆ ಮೂಲೆ ಕೂಡಿಸುವುದು. ನಮ್ಮ ಜಗಳವೆಲ್ಲ ಆದದ್ದು ಆ ನಡಿಗೆಯಲ್ಲೇ. ಮೂಲೆ ಕೂಡುವ ಹೊತ್ತಿಗೆ ಅರ್ಧ ಮುಗಿದೂ ಹೋಗುತ್ತಿತ್ತು. ಈಗ ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಮಡಿಸುತ್ತಿದ್ದೇನೆ. ಕೆಲಸ ನಡೆಯುತ್ತದೆ. ಸರಳು ಎದುರುತ್ತರ ಕೊಡುವುದಿಲ್ಲ, ಅದೊಂದೇ ಬೇಜಾರು.

ನಿನ್ನೆ ಫೋನಿಟ್ಟವಳು ಸೀದಾ ಹೋಗಿ ಪೆಟ್ಟಿಗೆಯ ಮುಂದೆ ನಿಂತೆ. ಈ ಸಲ ಹೂ ಬರೀ ಅಂಚಿನಲ್ಲಿ ಬಿಟ್ಟಿತ್ತು, ನಡುವೆ ಬೋಳು. ನೀನೂ ನೋಡಿದ್ದೆ, ಬಾಯಿ ಬಿಡಲಿಲ್ಲ. ಪೆಟ್ಟಿಗೆಯನ್ನು ಬೋರಲು ಹಾಕಿದೆ. ಒಳಗೆ ಮಣ್ಣೇ ಇರಲಿಲ್ಲ ಕಣೇ, ಬರೀ ಬೇರು. ಹಲಗೆಗೆ ಸುತ್ತಿ ಸುತ್ತಿ ಹೊಸೆದ ಹಗ್ಗವಾಗಿತ್ತು. ನಡುವಿನ ಬುಡ ಕಟ್ಟಿಗೆಯಾಗಿ ಟೊಳ್ಳು ಬಿದ್ದಿತ್ತು. ಇನ್ನೊಂದೆರಡು ವರ್ಷ ನಾವಿಬ್ಬರೂ ಹೀಗೇ ನೀರು ಹೊಯ್ಯುತ್ತಾ ಕೂತಿದ್ದರೆ ಅದು ಪೂರಾ ಹೋಗುತ್ತಿತ್ತು.

ಬ್ರೆಡ್ಡು ಕೊಯ್ಯುವ ಚಾಕು ತಂದು ಎರಡು ಮಾಡಿದೆ.

ಕಿರುಚಬೇಡ. ಅವನು ತನ್ನ ಕೈಯಾರೆ ನೆಟ್ಟದ್ದು, ನನಗೂ ಗೊತ್ತು. ಗರಗಸ ಎಳೆದಂತೆ ಎಳೆದು, ನಡುವಿನ ಟೊಳ್ಳನ್ನು ಕಿತ್ತು ಒಲೆಗೆ ಹಾಕಿ, ಆಮೇಲೆ ಒಂದು ಗಳಿಗೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆನೋ ಇಲ್ಲವೋ ಅದು ನಿನಗೆ ಬೇಡದ ವಿಷಯ. ಆದರೆ ನೋಡು, ಎರಡು ಭಾಗದಲ್ಲೂ ಹಾಲುಹಲ್ಲಿನಷ್ಟು ಬೆಳ್ಳನೆಯ ಮೊಳಕೆಗಳಿವೆ. ನನ್ನದು ಹೊಸ ಮಣ್ಣಿನಲ್ಲಿ ಕೂತಿದೆ. ನಿನ್ನದು ಒದ್ದೆ ಗೋಣಿಯಲ್ಲಿ ಸುತ್ತಿಸಿಕೊಂಡು ಈ ಕಾಗದದ ಜೊತೆ ಬಂದಿದೆ. ಗೊಬ್ಬರ ಹಾಕಿ ಮುದ್ದು ಮಾಡಬೇಡ, ಕಲ್ಲಿನಲ್ಲಿ ಹುಟ್ಟಿದ್ದು ಅದು. ಅರ್ಧಕ್ಕರ್ಧ ಜಲ್ಲಿ ಬೆರೆಸು. ಚಳಿಗಾಲದಲ್ಲಿ ಒಣಗಿದಂತೆ ಕಂಡಾಗ ನೀರು ಹೊಯ್ದು ಕೊಳೆಸಬೇಡ. ಇದರಲ್ಲಿ ಉಪದೇಶ ಹುಡುಕಲೂ ಬೇಡ. ಗಿಡ ಗಿಡವೇ. ನಿನ್ನ ಕೈಯಲ್ಲಿದ್ದ ನೆಪವೊಂದನ್ನು ಕಿತ್ತುಕೊಂಡೆ, ಅಷ್ಟೇ.

ಭಾನುವಾರ ಬರಬೇಡ. ಆ ಡ್ರೈವರಿಗೆ ಹೂಂ ಎನ್ನು ಎಂದು ನಾನು ಹೇಳುತ್ತಿಲ್ಲ. ಬೇಡವೆನಿಸಿದರೆ ಬೇಡ ಎನ್ನು, ಬೇಕೆನಿಸಿದರೆ ಬೇಕು ಎನ್ನು. ನನ್ನ ಹೆಸರು ಹೇಳಿ ಇಲ್ಲ ಎಂದರೆ ಮಾತ್ರ ನಾನು ಬಾಗಿಲು ತೆಗೆಯುವುದಿಲ್ಲ.

ಅವನಿಗೊಬ್ಬ ತಾಯಿ ಇದ್ದಾಳಂತೆ, ತುಂಬಾ ಮೆತ್ತಗೆ ಮಾತಾಡುತ್ತಾಳಂತೆ. ಮೆತ್ತಗೆ ಮಾತಾಡುವವರನ್ನು ನಾನು ನಂಬುವುದಿಲ್ಲ. ಆದರೂ ಅವಳನ್ನು ಅತ್ತೆ ಎಂದೇ ಕರಿ, ಅದು ಅವಳಿಗೆ ಸಲ್ಲಬೇಕಾದದ್ದು. ಆಮೇಲೆ ನನ್ನನ್ನು ಏನೆಂದು ಕರೆಯುವುದು ಎಂದು ತಲೆ ಕೆಡಿಸಿಕೊಂಡು ಕೂರಬೇಡ. ಅಮ್ಮಾ ಎಂದರೂ ಆದೀತು. ಲೇ ಮುದುಕಿ ಎಂದರೂ ತಿರುಗಿ ನೋಡುತ್ತೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆಯಲ್ಲಿ ನಗು ಕೇಳಲಿ ಎಂದು ಹರಸುವ,

ಜಗಳಕ್ಕೆ ಸದಾ ಸಿದ್ಧಳಾದ,
ನಿನ್ನ ಅತ್ತೆ