ಮೂರನೇ ದೋಣಿಕಟ್ಟೆಯ ಪೆಟ್ಟಿಗೆ

ಜೂನ್ 3, ಮಂಗಳವಾರ. ಬೆಳಿಗ್ಗೆ 9.40

ಮೂರನೇ ದೋಣಿಕಟ್ಟೆಯ ಟಿಕೆಟ್ ಕೌಂಟರಿನವಳನ್ನು ನಿನ್ನೆ ಸಂಜೆ ಸಸ್ಪೆಂಡ್ ಮಾಡಿದ್ದಾರೆ. ಅವಳು ಮಾಡಿದ ತಪ್ಪು: ಮೇ 29, ಗುರುವಾರ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ಒಬ್ಬನ ರಕ್ತ ನಿಲ್ಲಿಸಲು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಒಡೆದದ್ದು.

ಎಂದಿನಂತೆ ಪಾಸು ತೋರಿಸಲು ಹೋದೆ. ಕಿಂಡಿಯ ಹಿಂದೆ ಬೇರೆ ಮುಖ. ಅವಳೆಲ್ಲಿ ಎಂದು ಕೇಳಿದೆ.

"ಅವರಾ? ಮನೇಲಿದ್ದಾರೆ. ಇನ್ಮೇಲೆ ಮನೇಲೇ ಇರ್ತಾರೆ ಬಿಡಿ." ಹೇಳಿ ನಕ್ಕ ಬೇರೆ.

ಲಾಂಚು ಹತ್ತಲಿಲ್ಲ. ಆಚೆ ದಡದ ವಾಚನಾಲಯ ಇವತ್ತು ನಾನಿಲ್ಲದೆ ನಡೆಯಲಿ. ಕಟ್ಟೆಯ ಬೆಂಚಿನ ಮೇಲೆಯೇ ಕೂತು ಬರೆಯುತ್ತಿದ್ದೇನೆ.

ಅವತ್ತಿನದನ್ನು ದಾಖಲಿಸಬೇಕು. ಗಾಜು ಕೂರಿಸುವವನೊಬ್ಬ ಎರಡು ಕಿಟಕಿ ಗಾಜು ಕಂಕುಳಲ್ಲಿ ಹಿಡಿದು ಲಾಂಚಿನಿಂದ ಇಳಿಯುತ್ತಿದ್ದ. ಹಲಗೆ ಒದ್ದೆಯಾಗಿತ್ತು. ಜಾರಿದ. ಗಾಜು ಒಡೆದು ಮೊಣಕೈಯಿಂದ ಮಣಿಕಟ್ಟಿನ ತನಕ ಕೊಯ್ದುಬಿಟ್ಟಿತು. ರಕ್ತ ಸುರಿಯುತ್ತಿದೆ, ಜನ ಸುತ್ತ ನಿಂತಿದ್ದಾರೆ. ಒಬ್ಬ "ಟೂತ್‌ಪೇಸ್ಟ್ ಹಚ್ಚಿ" ಎನ್ನುತ್ತಾನೆ. ಇನ್ನೊಬ್ಬ "ನೀರು ಕುಡಿಸಿ". ಮೂವರು ಫೋಟೊ ತೆಗೆಯುತ್ತಿದ್ದಾರೆ. ನಾನು? "ಜಾಗ ಬಿಡಿ, ಗಾಳಿ ಬರಲಿ" ಎಂದು ಕೂಗುತ್ತಿದ್ದೆ. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವನು. ಯಾವ ಬೀದಿಯ ಕೆಳಗೆ ಯಾವ ಕೊಳವೆ ಇದೆಯೆಂದು ಇವತ್ತಿಗೂ ಹೇಳಬಲ್ಲೆ. ಅವತ್ತು ಕೈಕಾಲು ಆಡಲಿಲ್ಲ.

ಅವಳು ಕೌಂಟರಿನಿಂದ ಓಡಿ ಬಂದಳು. ಗೋಡೆಯ ಪೆಟ್ಟಿಗೆಗೆ ಅರಗಿನ ಸೀಲು. ಟಿಕೆಟ್ ಕಟ್ಟಿನ ಮೇಲಿಡುವ ಕಬ್ಬಿಣದ ತುಂಡಿನಿಂದ ಎರಡೇಟು. ಬಾಗಿಲು ತೆರೆದು ನೋಡಿದಳು. ಏನೋ ಬೈದಳು. ಮರುಕ್ಷಣ ತನ್ನ ಶಾಲನ್ನೇ ಮಡಚಿ ಗಾಯದ ಮೇಲೆ ಒತ್ತಿದಳು.

"ಅಂಕಲ್, ಭಾಷಣ ಸಾಕು! ಈ ಕೈ ಮೇಲಕ್ಕೆ ಎತ್ತಿ ಹಿಡ್ಕೊಳ್ಳಿ. ಬಿಟ್ರೆ ನೋಡಿ ಮತ್ತೆ!"

ಹಿಡಿದೆ. ಆಂಬುಲೆನ್ಸು ಬರಲು ಹದಿನಾರು ನಿಮಿಷ. ಅಷ್ಟೂ ಹೊತ್ತು ಅವಳು ಒತ್ತಿದ್ದು ಸಡಿಲಿಸಲಿಲ್ಲ. ಗಾಜಿನವನು ಬದುಕಿದ.

ಅವಳಿಗೆ ಸಿಕ್ಕ ಬಹುಮಾನ ಇದು.

ಜೂನ್ 5, ಗುರುವಾರ. ಸಂಜೆ

ಕೌಂಟರಿನವಳು ಮನೆಗೆ ಬಂದಿದ್ದಳು. ಕೈಯಲ್ಲಿ ಮೆಮೊ. ಆರೋಪ ಮೂರು. ಕೆಲಸದ ವೇಳೆಯಲ್ಲಿ ಕೌಂಟರ್ ಬಿಟ್ಟದ್ದು. ಸೀಲು ಒಡೆದು ಲಿಖಿತ ಕಾರಣ ಕೊಡದಿರುವುದು. ಮೂರನೆಯದು ನಿಜವಾದ ಪೆಟ್ಟು — ಪೆಟ್ಟಿಗೆಯಲ್ಲಿದ್ದ ಹತ್ತಿ, ಆರು ಬ್ಯಾಂಡೇಜು, ಕತ್ತರಿ, ಔಷಧದ ಬಾಟಲಿ ಕಾಣೆಯಾಗಿವೆ, ಒಡೆದವರೇ ಹೊಣೆ. ಮರ್ಯಾದೆಯ ಭಾಷೆಯಲ್ಲಿ ಕಳ್ಳಿ ಎಂದಿದ್ದಾರೆ.

"ಒಳಗೆ ಏನೂ ಇರಲಿಲ್ಲ ಅಂಕಲ್. ಒಂದು ಖಾಲಿ ಬಾಟಲಿ, ಎರಡು ಸತ್ತ ಜಿರಳೆ. ಅಷ್ಟೇ."

"ಜಿರಳೆ ಕಾಣೆ ಅಂತ ಬರ್ದಿಲ್ವಾ ಪುಣ್ಯಾತ್ಮರು?" ಎಂದಳು ನನ್ನ ಹೆಂಡತಿ, ಟೀ ಕೊಡುತ್ತಾ. ಹುಡುಗಿ ನಕ್ಕಳು. ನಕ್ಕವಳೇ ಕಣ್ಣೊರೆಸಿಕೊಂಡಳು. ಆಗಸ್ಟಿಗೆ ಕೆಲಸ ಖಾಯಂ ಆಗಬೇಕಿತ್ತು. ಕಳ್ಳತನ ಅಂತ ಒಂದು ಸಲ ಫೈಲಿಗೆ ಹೋದರೆ ಬೇರೆ ಕಡೆಯೂ ಯಾರೂ ತೆಗೆದುಕೊಳ್ಳುವುದಿಲ್ಲ. 30ಕ್ಕೆ ವಿಚಾರಣೆ.

"ನೀವು ಪಕ್ಕದಲ್ಲೇ ಇದ್ರಲ್ಲ. ಒಳಗೆ ನೋಡಿದ್ರಿ ಅಲ್ವಾ?"

ನೋಡಿರಲಿಲ್ಲ. ಕಣ್ಣೆಲ್ಲ ರಕ್ತದ ಮೇಲೆ. ಆಂಬುಲೆನ್ಸು ಹೋದ ಮೇಲೆ ತಿರುಗಿದರೆ ಸೂಪರ್‌ವೈಸರ್ ಪೆಟ್ಟಿಗೆಯನ್ನು ಒಳಗೆ ಒಯ್ದಾಗಿತ್ತು.

"ಇಲ್ಲಮ್ಮ."

ಅವಳು ತಲೆಯಾಡಿಸಿದಳು. ನನ್ನ ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡಿದಳು — ಒಂದು ಸುಳ್ಳು ಹೇಳಲು ನಿಮಗೇನು ಧಾಡಿ ಎಂಬಂತೆ. ಸುಳ್ಳು ಹೇಳಲಾರೆ. ಆದರೆ ತಿಳಿದುಕೊಳ್ಳಬಲ್ಲೆ. ಆ ಪೆಟ್ಟಿಗೆಯೊಳಗೆ ಏನಿತ್ತು?

ಜೂನ್ 7, ಶನಿವಾರ

ಅಗ್ನಿಶಾಮಕ ಠಾಣೆಯಲ್ಲಿ ಸಾರ್ವಜನಿಕರಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತಾರೆ. ನಾಲ್ಕು ಗಂಟೆಯ ತರಗತಿ. ನಾನೂ ಹೆಂಡತಿಯೂ ಹೋದೆವು. ಕಲಿಸಿದವಳು ಠಾಣೆಯವಳೇ, ಗಟ್ಟಿ ಗಂಟಲು.

ಗೊತ್ತಿದೆ ಎಂದುಕೊಂಡಿದ್ದ ಅರ್ಧಕ್ಕರ್ಧ ತಪ್ಪು! ರಕ್ತ ಸುರಿಯುವ ಗಾಯಕ್ಕೆ ಏನನ್ನೂ ಹಚ್ಚಬಾರದು. ಶುಭ್ರವಾದ ಬಟ್ಟೆ, ನೇರ ಗಾಯದ ಮೇಲೆ, ಬಲವಾಗಿ ಒತ್ತಬೇಕು. ಬಟ್ಟೆ ನೆನೆದರೆ ಕಿತ್ತು ನೋಡಬಾರದು, ಅದರ ಮೇಲೆಯೇ ಇನ್ನೊಂದು ಇಡಬೇಕು. ಗಾಜಿನ ಚೂರು ಒಳಗೆ ಚುಚ್ಚಿಕೊಂಡಿದ್ದರೆ ಎಳೆಯಬಾರದು, ಅದರ ಅಕ್ಕಪಕ್ಕ ಒತ್ತಬೇಕು. ಮಲಗಿಸಬೇಕು. ಆಂಬುಲೆನ್ಸಿಗೆ ಫೋನ್ ಮಾಡಲು "ಯಾರಾದ್ರೂ ಮಾಡಿ" ಅನ್ನಬಾರದಂತೆ. ಒಬ್ಬರ ಕಡೆ ಬೆರಳು ತೋರಿಸಿ "ನೀಲಿ ಅಂಗಿ, ನೀವು ಮಾಡಿ" ಅನ್ನಬೇಕು. ಯಾರಾದರೂ ಎಂದರೆ ಯಾರೂ ಮಾಡುವುದಿಲ್ಲ. ಇದನ್ನು ಎರಡು ಸಲ ಬರೆದುಕೊಂಡೆ.

ನನ್ನ ಹೆಂಡತಿಯ ಕೈಗೆ ಬ್ಯಾಂಡೇಜು ಸುತ್ತುವ ಅಭ್ಯಾಸ. ನಕ್ಷೆ ಬರೆಯುವಷ್ಟು ಅಚ್ಚುಕಟ್ಟಾಗಿ ಸುತ್ತುತ್ತಿದ್ದೆ.

"ಬೇಗ ರೀ. ನಿಮ್ಮ ಗೆರೆ ನೇರ ಆಗೋಷ್ಟರಲ್ಲಿ ನಾನು ಖಾಲಿ ಆಗಿರ್ತೀನಿ."

ಎಲ್ಲರೂ ನಕ್ಕರು. ಕಲಿಸುವಾಕೆಯನ್ನು ಕೇಳಿದೆ: ಪೆಟ್ಟಿಗೆಗೆ ಸೀಲು ಹಾಕುತ್ತಾರೆಯೇ?

"ಬಾಗಿಲು ಮುಚ್ಚಿರ್ಬೇಕು, ಧೂಳು ಹೋಗ್ಬಾರ್ದು. ಆದ್ರೆ ಯಾರ್ ಬೇಕಾದ್ರೂ ಒಂದೇ ಕೈಲಿ ತೆಗೆಯೋ ಹಾಗಿರ್ಬೇಕು. ಇನ್ನೊಂದ್ ಕೈ ಗಾಯದ ಮೇಲೆ ಇರುತ್ತಲ್ಲ ಸರ್."

ಜೂನ್ 10, ಮಂಗಳವಾರ. ಮಧ್ಯಾಹ್ನ

ಐದೂ ದೋಣಿಕಟ್ಟೆ ಸುತ್ತಿ ಬಂದೆ. ಕಾಲು ನೋಯುತ್ತಿದೆ, ತಲೆ ಓಡುತ್ತಿದೆ.

ಪ್ರತಿ ಪೆಟ್ಟಿಗೆಯ ಪಕ್ಕ ಮೊಳೆಗೆ ನೇತುಹಾಕಿದ ಒಂದು ಪುಸ್ತಕ. ತಿಂಗಳಿಗೊಂದು ಸಹಿ. ಕಾಲಂಗಳು ಎರಡೇ: 'ಪೆಟ್ಟಿಗೆ ಸ್ವಸ್ಥಾನದಲ್ಲಿದೆ', 'ಸೀಲು ಭದ್ರವಾಗಿದೆ'. ಹನ್ನೊಂದು ವರ್ಷ, ಒಂದು ತಿಂಗಳೂ ತಪ್ಪಿಲ್ಲ. ಒಳಗೆ ಏನಿದೆ ಎಂಬ ಕಾಲಂ ಇಲ್ಲ.

ಒಂದನೇ ಕಟ್ಟೆಯಲ್ಲಿ ಯಾರೂ ನೋಡದಾಗ ಪೆಟ್ಟಿಗೆಯನ್ನು ಮೆಲ್ಲಗೆ ಅಲ್ಲಾಡಿಸಿದೆ. ಸದ್ದಿಲ್ಲ. ಎರಡನೆಯದರಲ್ಲಿ ಒಂದು ಬಾಟಲಿ ಉರುಳಿದಂತೆ. ನಾಲ್ಕನೆಯದರಲ್ಲಿ ಸಣ್ಣಗೆ ಮರಳು ಸುರಿದ ಹಾಗೆ — ಏನದು? ಐದನೆಯದನ್ನು ಮುಟ್ಟುವಷ್ಟರಲ್ಲಿ ಆ ಕಟ್ಟೆಯ ಕೌಂಟರಿನಾಕೆ ನೋಡಿಬಿಟ್ಟಳು.

"ಸರ್, ಪೆಟ್ಟು ಬಿತ್ತಾ? ಅದನ್ನ ಮುಟ್ಬೇಡಿ, ಇಲ್ಲಿ ಬನ್ನಿ." ಮೇಜಿನ ಕೆಳಗಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದಳು. ಹತ್ತಿ, ಬ್ಯಾಂಡೇಜು, ಕತ್ತರಿ, ಎಲ್ಲ ಇದೆ. ಅವಳದೇ ಸ್ವಂತದ್ದು. ಸರ್ಕಾರಿ ಪೆಟ್ಟಿಗೆ ಗೋಡೆಯ ಮೇಲೆ, ನಿಜವಾದ ಪೆಟ್ಟಿಗೆ ಮೇಜಿನ ಕೆಳಗೆ!

ಮೂರನೇ ಕಟ್ಟೆಯ ಸೂಪರ್‌ವೈಸರನ್ನು ನೇರವಾಗಿ ಕೇಳಿದೆ.

"ಇದಕ್ಕೆ ಮುಂಚೆ ನೀವು ಒಳಗೆ ಯಾವಾಗಲಾದರೂ ನೋಡಿದ್ದೀರಾ?"

"ನೋಡ್ಬೇಕಂದ್ರೆ ಸೀಲ್ ಒಡೀಬೇಕು ಸರ್. ಒಡೆದೋರು ಕಾರಣ ಮೂರು ಪ್ರತಿ ಬರ್ಕೊಡ್ಬೇಕು. ಯಾರಿಗ್ ಬೇಕು ತಲೆನೋವು?"

"ಹಾಗಾದರೆ ಆರು ಬ್ಯಾಂಡೇಜು ಇತ್ತು ಅಂತ ಹೇಗೆ ಬರೆದಿರಿ?"

"ಪೆಟ್ಟಿಗೆ ಮೇಲೆ ಪಟ್ಟಿ ಅಂಟ್ಸಿದಾರಲ್ಲ. ಅದ್ರಲ್ಲಿದೆ." ಆಮೇಲೆ ದನಿ ತಗ್ಗಿಸಿ, "ನನಗೂ ಬೇಜಾರೇ ಸರ್. ಒಳ್ಳೆ ಹುಡುಗಿ. ಆದ್ರೆ ಅವಳು ತೆಗೆದಿಲ್ಲ ಅಂತಾದ್ರೆ, ಖಾಲಿ ಪೆಟ್ಟಿಗೆಗೆ ಇಷ್ಟು ವರ್ಷ ಸಹಿ ಹಾಕಿದ್ದು ನಾನು ಅಂತಾಗುತ್ತೆ."

ಪ್ರಾಮಾಣಿಕ ಮನುಷ್ಯ. ಅದೇ ಭಯ ಹುಟ್ಟಿಸುವುದು.

ಜೂನ್ 12, ಗುರುವಾರ

ಸಿಕ್ಕಿತು. ಲಾಂಚು ಕಟ್ಟುವ ಹಗ್ಗದಣ್ಣ ಹೇಳಿದ. ಇಪ್ಪತ್ತಾರು ವರ್ಷದಿಂದ ಮೂರನೇ ಕಟ್ಟೆಯಲ್ಲಿದ್ದಾನೆ. ಟೀ ಅಂಗಡಿಯ ಹಿಂದೆ, ಅತ್ತಿತ್ತ ನೋಡಿ ಹೇಳಿದ.

"ಸೀಲ್ ಹಾಕೋವಾಗ ಪೆಟ್ಟಿಗೆ ಹಿಡ್ಕೊಂಡಿದ್ದೋನು ನಾನೇ ಯಜಮಾನ್ರೇ. ಇದ್ದಿದ್ದೆಲ್ಲ ಖರ್ಚಾಗಿತ್ತು, ಖಾಲಿ. ಮೂರು ದಿನದೊಳಗೆ ಸೀಲ್ ಬೀಳ್ಬೇಕು ಅಂತ ಮೇಲಿಂದ ಆರ್ಡರು. ಸಾಮಾನು ಆಮೇಲೆ ಬರುತ್ತೆ, ಮೊದ್ಲು ಸೀಲ್ ಹಾಕಿ ಅಂದ್ರು. ಹಾಕಿದ್ರು."

"ಸಾಮಾನು ಬಂತಾ?"

"ಬಂತಲ್ಲ! ಎರಡು ತಿಂಗಳಾದ್ಮೇಲೆ. ಆದ್ರೆ ಒಳಗೆ ಹಾಕ್ಬೇಕಂದ್ರೆ ಸೀಲ್ ಒಡೀಬೇಕಲ್ಲ. ಒಡೆಯೋಕೆ ಯಾರಿಗಾದ್ರೂ ಪೆಟ್ಟೇ ಆಗಿರ್ಬೇಕು. ಪೆಟ್ಟು ಆಗಿಲ್ಲ. ವಾಪಸ್ ಕಳಿಸಿದ್ರು."

ಎಷ್ಟು ಹೊತ್ತು ನಕ್ಕೆವೋ. ಆಮೇಲೆ ಕೇಳಿದೆ, ಇದನ್ನು 30ಕ್ಕೆ ಬಂದು ಹೇಳುತ್ತೀಯಾ?

ನಗು ನಿಂತಿತು. "ರಿಟೈರ್ ಆಗೋಕೆ ಎರಡು ವರ್ಷ ಬಾಕಿ ಇದೆ ನನಗೆ. ನಾನು ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ."

ಬಲವಂತ ಮಾಡಲಿಲ್ಲ. ಇಂಥ ತಲೆಕೆಟ್ಟ ನಿಯಮ ಬರೆದವನು ಯಾರು? ಅವನನ್ನು ಹಿಡಿಯಬೇಕು. ಆ ಆದೇಶದ ಇಡೀ ಫೈಲಿನ ನಕಲು ಕೇಳಿ ಅರ್ಜಿ ಹಾಕಿದ್ದೇನೆ. ನೋಡೋಣ, ಯಾವ ಮಹಾಶಯ.

ಜೂನ್ 26, ಗುರುವಾರ

ನಕಲು 20ಕ್ಕೇ ಬಂತು. ಬರೆಯಲು ಕೈ ಬರಲಿಲ್ಲ.

ಫೈಲಿನ ಮೊದಲ ಹಾಳೆ, ಒಬ್ಬ ನಾಗರಿಕನ ಪತ್ರ. ನಕ್ಷೆಯ ಮೇಲೆ ಬೀದಿಗಳ ಹೆಸರು ಬರೆಯುವಂಥ ನೆಟ್ಟನೆಯ ಅಕ್ಷರ. ಓದುವ ಮೊದಲೇ ಅಕ್ಷರ ಗುರುತು ಸಿಕ್ಕಿತು. ನನ್ನದು.

'ಮೂರನೇ ಕಟ್ಟೆಯ ಸಿಬ್ಬಂದಿ ಪೆಟ್ಟಿಗೆಯ ಹತ್ತಿಯಿಂದ ಕನ್ನಡಕ ಒರೆಸುತ್ತಾರೆ. ಕತ್ತರಿಯಿಂದ ಪಾರ್ಸೆಲಿನ ದಾರ ಕತ್ತರಿಸುತ್ತಾರೆ. ಆದ್ದರಿಂದ ಎಲ್ಲ ಪೆಟ್ಟಿಗೆಗಳಿಗೂ ಕೂಡಲೇ ಸೀಲು ಹಾಕಬೇಕು. ಒಡೆದವರು ಲಿಖಿತ ಕಾರಣ ಕೊಡಬೇಕು. ಕೊರತೆ ಕಂಡರೆ ಒಡೆದವರೇ ಹೊಣೆ ಎಂದಾಗಬೇಕು. ಮೂರು ದಿನದೊಳಗೆ ಕ್ರಮ ಕೈಗೊಳ್ಳದಿದ್ದರೆ ಪತ್ರಿಕೆಗಳಿಗೆ ಬರೆಯಬೇಕಾದೀತು.'

ಮೂರು ದಿನ! ಆ ಮೂರು ದಿನವೂ ನನ್ನದೇ. ಹುಡುಗಿಯ ಮೆಮೊದಲ್ಲಿರುವ 'ಒಡೆದವರೇ ಹೊಣೆ' ಎಂಬ ಮಾತೂ ನನ್ನದೇ, ಒಂದು ಪದ ಬದಲಾಗಿಲ್ಲ. ಇಲಾಖೆಗಳಿಗೆ ನಾನು ಬರೆದ ಎಷ್ಟೋ ಅರ್ಜಿಗಳು ಕಸದ ಬುಟ್ಟಿಗೆ ಹೋಗಿವೆ. ಅವನ್ನೆಲ್ಲ ತಾರೀಖಿನ ಸಮೇತ ಹೇಳಬಲ್ಲೆ. ಇದೊಂದನ್ನು ಪಾಲಿಸಿದ್ದರು. ಇದೊಂದೇ ನೆನಪಿರಲಿಲ್ಲ.

ನನ್ನ ಹೆಂಡತಿಗೆ ಇವತ್ತು ತೋರಿಸಿದೆ. ಓದಿದಳು. ಬೈಯುತ್ತಾಳೆ ಎಂದುಕೊಂಡೆ.

"ಆಗ ಹೇಳಿದ್ದು ಸುಳ್ಳೇನಲ್ಲವಲ್ಲ. ಕನ್ನಡಕ ಒರೆಸ್ತಾ ಇದ್ರು."

"ಒರೆಸಿದರೆ ಒರೆಸಲಿ ಅನ್ನಬೇಕಿತ್ತು."

"ಅನ್ನೋ ಜಾಯಮಾನ ಅಲ್ಲ ನಿಮ್ದು." ಹಾಳೆ ಮಡಚಿ ನನ್ನ ಜೇಬಿಗೇ ಇಟ್ಟಳು. "ಆ ಹುಡುಗಿಗೆ ನೀವೇ ಹೇಳ್ಬೇಕು. ಸೋಮವಾರ ಅಲ್ಲಿ ಬೇರೆಯವರ ಬಾಯಿಂದ ಕೇಳೋ ಹಾಗಾಗ್ಬಾರ್ದು."

ಜೂನ್ 27, ಶುಕ್ರವಾರ

ಹೇಳಿದೆ. ಅವಳ ಮನೆಯ ಮೆಟ್ಟಿಲ ಮೇಲೆ ನಿಂತು. ಪತ್ರ ಓದಿ, ಮಡಚಿ ವಾಪಸು ಕೊಟ್ಟಳು.

"ಅಕ್ಷರ ಚೆನ್ನಾಗಿದೆ ಅಂಕಲ್," ಎಂದಳು. ಒಳಗೆ ಕರೆಯಲಿಲ್ಲ.

ಜೂನ್ 30, ಸೋಮವಾರ. ಸಂಜೆ 5

ವಿಚಾರಣೆ ಆಯಿತು. ಉದ್ದನೆಯ ಮೇಜು, ಮೂವರು ಅಧಿಕಾರಿಗಳು, ಕಿಟಕಿ ತೆರೆಯದ ಕೋಣೆ.

ಗಾಜಿನವನು ಹೊಲಿಗೆ ಹಾಕಿದ ಕೈ ಕೊರಳಿಗೆ ನೇತುಹಾಕಿಕೊಂಡು ಬಂದಿದ್ದ. ಪೆಟ್ಟಿಗೆಯೊಳಗೆ ಏನು ನೋಡಿದೆ ಎಂದು ಕೇಳಿದರು.

"ನಾನು ಕಣ್ಣು ಮುಚ್ಕೊಂಡಿದ್ದೆ ಸ್ವಾಮಿ. ತೆಗೆದಾಗ ಈ ತಾಯಿ ಮುಖ ಇತ್ತು. ಅಷ್ಟೇ ನೋಡಿದ್ದು."

ನನ್ನ ಸರದಿ. ಒಳಗೆ ನೋಡಲಿಲ್ಲ ಎಂದೆ. ಅವಳು ಎಷ್ಟು ಹೊತ್ತು ಹೇಗೆ ಒತ್ತಿ ಹಿಡಿದಳು, ಅದು ಯಾಕೆ ಸರಿ ಎಂದು ಹೇಳಿದೆ. ನಡುವಿನ ಅಧಿಕಾರಿ ಮೆತ್ತಗೆ ನಕ್ಕರು. "ನಿಯಮ ನಾವು ಮಾಡಿದ್ದಲ್ಲ, ನಾಗರಿಕರ ಬೇಡಿಕೆಯಿಂದ ಬಂದದ್ದು."

"ಆ ನಾಗರಿಕ ನಾನೇ," ಎಂದೆ. ಪತ್ರ ಮೇಜಿನ ಮೇಲಿಟ್ಟೆ.

ನಗು ಹೋಯಿತು.

"ಬರೆದದ್ದು ತಪ್ಪು. ವಾಪಸು ತೆಗೆದುಕೊಳ್ಳುತ್ತೇನೆ. ಉಳಿದ ನಾಲ್ಕು ಪೆಟ್ಟಿಗೆಗೂ ಒಂದೇ ದಿನ ಸೀಲು ಹಾಕಿದ್ದೀರಿ. ಈಗಲೇ ತರಿಸಿ, ಒಡೆದು ನೋಡಿ. ತುಂಬಿದ್ದರೆ ಇವಳು ಹೇಳಿದ್ದು ಸುಳ್ಳು. ಖಾಲಿ ಇದ್ದರೆ ಮೂರನೇ ಕಟ್ಟೆಯದೂ ಖಾಲಿಯೇ ಇತ್ತು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಡೆಯಲು ಅವರಿಗೆ ಅಧಿಕಾರವಿಲ್ಲವಂತೆ. ಪೆಟ್ಟು ಆಗಿರಬೇಕಂತೆ. ತೀರ್ಪು ಜುಲೈ 15ಕ್ಕೆ.

ಹೊರಗೆ ಬಂದಾಗ ಹುಡುಗಿ ನನ್ನ ಪಕ್ಕ ನಡೆದಳು. ಗೇಟು ತಾನೇ ತೆಗೆದಳು. ಆಮೇಲೆ, "ಅವರ ಮುಖ ನೋಡಿದ್ರಾ ಅಂಕಲ್? ಜಿರಳೆ ಕಂಡೋರ ಹಾಗೆ."

ಜುಲೈ 2, ಬುಧವಾರ. ಬೆಳಿಗ್ಗೆ 7

ಪತ್ರಿಕೆಗಳಿಗೂ ಐದು ಕಟ್ಟೆಗಳ ಗೋಡೆಗೂ ಒಂದೇ ಪತ್ರ. ಕರಡು ಇಲ್ಲಿ ಬರೆದುಕೊಳ್ಳುತ್ತೇನೆ. ಈ ಸಲ ಗಡುವು ಹಾಕುವ ಮೊದಲು ಎರಡು ಸಲ ಯೋಚಿಸಿದೆ.

'ದೋಣಿ ಇಲಾಖೆಯವರೇ, ನೀವು ಕೇಳದಿದ್ದರೂ ಮೊದಲು ನನ್ನ ಉತ್ತರ. ಸೀಲು ಬೇಕೆಂದು ಹನ್ನೊಂದು ವರ್ಷದ ಹಿಂದೆ ಬರೆದವನು ನಾನು. ತಪ್ಪು ಮಾಡಿದೆ. ಅದನ್ನು ನನ್ನ ಹೆಸರು ವಿಳಾಸದ ಸಮೇತ ಇಲ್ಲಿ ಒಪ್ಪಿಕೊಂಡಿದ್ದೇನೆ.

ಇನ್ನು ನಿಮ್ಮದು. ಜುಲೈ 12, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಲಾಂಚಿಗೆ ಕಾಯುವ ಜನರ ಎದುರು, ನಾಲ್ಕೂ ಪೆಟ್ಟಿಗೆ ತೆರೆಯಿರಿ. ಒಳಗಿರುವುದನ್ನು ಎತ್ತಿ ತೋರಿಸಿ. ಏನೂ ಇಲ್ಲದಿದ್ದರೆ, ಇಲ್ಲದ ಸಾಮಾನನ್ನು ಕದ್ದಳೆಂದು ಒಬ್ಬ ಹೆಣ್ಣುಮಗಳ ಮೇಲೆ ಬರೆದವರು ಯಾರು, ಅವಳ ಕೆಲಸ ಯಾವತ್ತು ವಾಪಸು ಕೊಡುತ್ತೀರಿ — ಅಲ್ಲೇ ನಿಂತು, ಅದೇ ಜನರ ಎದುರು, ಬಾಯಿ ಬಿಟ್ಟು ಹೇಳಿ.'